ಗರಡಿಯ ಮೈ, ಭೂತಯ್ಯನ ಮುಖ

ಮೈಸೂರು ಪುಟ್ಟಲಿಂಗಪ್ಪ ಶಂಕರ್, ಅಂದರೆ ಎಂ.ಪಿ. ಶಂಕರ್, ಕನ್ನಡ ಚಿತ್ರರಂಗಕ್ಕೆ ಗರಡಿ ಮನೆಯ ಕಡೆಯಿಂದ ಬಂದ ನಟ. 1935ರ ಆಗಸ್ಟ್ 20ರಂದು ಹುಟ್ಟಿ 2008ರ ಜುಲೈ 17ರಂದು ತೀರಿಕೊಂಡ ಇವರು ಮೊದಲು ಕುಸ್ತಿಪಟು, ಆಮೇಲೆ ನಟ, ಅದರ ಮೇಲೆ ನಿರ್ಮಾಪಕ. ಕಟ್ಟುಮಸ್ತಾದ ಮೈ, ಅಗಲವಾದ ಮುಖ, ಎದೆಯಾಳದಿಂದ ಹೊರಡುವ ದನಿ, ಈ ಮೂರನ್ನೇ ಬಂಡವಾಳ ಮಾಡಿಕೊಂಡು ಮೂರು ದಶಕಕ್ಕೂ ಮಿಕ್ಕಿ ಚಿತ್ರರಂಗದಲ್ಲಿದ್ದರು. ಮೈಸೂರಿನವರು ಇವರನ್ನು ಪೈಲ್ವಾನ್ ಎಂದು ನೆನೆಯುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಗೆ ಮಾತ್ರ ಇವರು ‘ಭೂತಯ್ಯನ ಮಗ ಅಯ್ಯು’ ಚಿತ್ರದ ಸಾಹುಕಾರ ಭೂತಯ್ಯ. ಆ ಪಾತ್ರ ಹುಟ್ಟಿದ್ದು ಹೇಮಾವತಿ ದಂಡೆಯ ಗೊರೂರಿನಲ್ಲಿ, ಗೊರೂರು ರಾಮಸ್ವಾಮಿ ಅಯ್ಯಂಗಾರರ ಲೇಖನಿಯಿಂದ. ಗರಡಿಯ ಮೈಗೂ ಈ ಸಾಹುಕಾರನ ಮುಖಕ್ಕೂ ಗಂಟು ಬಿದ್ದದ್ದು ಹೇಗೆ ಎಂಬುದು ಕನ್ನಡದಲ್ಲಿ ಗಟ್ಟಿ ಆಳಿನ ಪಾತ್ರ ಬೆಳೆದು ಬಂದ ಚರಿತ್ರೆಯೂ ಹೌದು.

ಈ ಗಟ್ಟಿ ಆಳಿನ ಪಾತ್ರಕ್ಕೆ ಸಿನಿಮಾಕ್ಕಿಂತ ಹಳೆಯ ತವರು ಇದೆ. ತುಮಕೂರು, ಮಂಡ್ಯ ಮತ್ತು ಹಾಸನ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಆಡುತ್ತಿದ್ದ ಮೂಡಲಪಾಯ ಯಕ್ಷಗಾನದಲ್ಲಿ ರಾತ್ರಿಯ ಮುಖ್ಯ ಆಕರ್ಷಣೆ ರಾಕ್ಷಸ ವೇಷವೇ ಆಗಿತ್ತು. ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಮೊದಲು ಬರುವುದು ಆರ್ಭಟ. ಆಮೇಲೆ ತೆರೆಯ ಅಂಚನ್ನು ಹಿಡಿದ ಕೈ. ಮದ್ದಳೆ ಮುಖವೀಣೆಗಳ ಗತಿ ಏರಿದ ಮೇಲಷ್ಟೇ ಕಿರೀಟ, ಭುಜಕೀರ್ತಿ, ಎದೆಹಾರ ಹೊತ್ತ ಪೂರ್ತಿ ಆಕೃತಿ. ಮರದಲ್ಲಿ ಕೆತ್ತಿ ಬಣ್ಣದ ಕಾಗದ, ಕನ್ನಡಿ ಚೂರು ಅಂಟಿಸಿದ ಆ ಆಭರಣಗಳ ಭಾರ ಹೊತ್ತು ಬೆಳಗಿನವರೆಗೆ ಕುಣಿಯಲು ಉಳುಮೆ ಮಾಡಿ ಪಳಗಿದ ಮೈ ಬೇಕು. ಸಾರಥಿ ಬಂದು ತಾವು ಯಾರು, ಯಾವ ದೇಶ ಎಂದು ಕೇಳಬೇಕು. ರಾಕ್ಷಸ ತನ್ನ ಪ್ರತಾಪವನ್ನು ತಾನೇ ಹೇಳಿಕೊಳ್ಳಬೇಕು. ಅಂದರೆ ಕೇಡಿಗ ಇಲ್ಲಿ ಕದ್ದು ಬರುವವನಲ್ಲ. ಹೆಸರು, ಊರು, ವಂಶ ಎಲ್ಲ ಸಾರಿಕೊಂಡೇ ಬರುವವನು. ಈ ಆಟಗಳನ್ನು ಹಳ್ಳಿಹಳ್ಳಿ ತಿರುಗಿ ಅಭ್ಯಾಸ ಮಾಡಿದ ಜೀ.ಶಂ. ಪರಮಶಿವಯ್ಯನವರ ಹೊತ್ತಿಗೆ ಮೇಳಗಳು ಆಗಲೇ ತೆಳುವಾಗತೊಡಗಿದ್ದವು.

ಮೂಡಲಪಾಯ ಹಿಂದೆ ಸರಿದ ಜಾಗಕ್ಕೆ ಬಂದದ್ದು ಹಾರ್ಮೋನಿಯಂ ಇಟ್ಟುಕೊಂಡು ಕಲಿಸುವ ಪೌರಾಣಿಕ ನಾಟಕ. ಗುಬ್ಬಿ ವೀರಣ್ಣನವರ ಕಂಪನಿಯಂಥವು ಪರದೆ, ಸೀನರಿ, ರಂಗಗೀತೆಗಳ ರುಚಿ ಹತ್ತಿಸಿದ ಮೇಲೆ ಹಳ್ಳಿಯವರು ತಾವೇ ನಾಟಕ ಕಟ್ಟಿಕೊಂಡರು. ಹಾಸನ ಸೀಮೆಯಲ್ಲಿ ಇಂದಿಗೂ ‘ಕುರುಕ್ಷೇತ್ರ’ ಎಂದರೆ ನಾಟಕ ಎಂದೇ ಅರ್ಥ. ಸುಗ್ಗಿ ಮುಗಿದ ಮೇಲೆ ನಾಟಕದ ಮೇಷ್ಟ್ರು ಊರಿಗೆ ಬಂದು ತಿಂಗಳುಗಟ್ಟಲೆ ರಾತ್ರಿ ಹೊತ್ತು ಹಾಡು, ಕಂದ, ಮಾತು ಕಲಿಸುತ್ತಾರೆ. ಪಾತ್ರ ಮಾಡುವವನೇ ಹಣ ಹಾಕಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಸ್ತ್ರೀಪಾತ್ರಕ್ಕೆ ಪೇಟೆಯಿಂದ ಕಲಾವಿದೆಯರು ಬರುತ್ತಾರೆ. ಸೀನರಿ, ಡ್ರೆಸ್ಸು, ಮೈಕು ಬಾಡಿಗೆಗೆ. ಇಷ್ಟೆಲ್ಲ ಖರ್ಚಿನ ನಡುವೆ ಎದ್ದು ಕಾಣುವ ಸಂಗತಿ ಒಂದಿದೆ: ಧರ್ಮರಾಯನಾಗಲು ಯಾರೂ ಮುಗಿಬೀಳುವುದಿಲ್ಲ, ದುರ್ಯೋಧನನ ಪಾತ್ರಕ್ಕೆ ಪೈಪೋಟಿ. ಗದೆ ಹೆಗಲಿಗೇರಿಸಿ, ಮೀಸೆ ತಿರುವಿ, ಸೋಲುತ್ತೇನೆಂದು ಗೊತ್ತಿದ್ದೂ ಬಗ್ಗದವನ ಪಾತ್ರಕ್ಕೆ ಊರಿನಲ್ಲಿ ಮಾನವಿದೆ. ಅರಕಲಗೂಡಿನ ಕಡೆಯ ರೈತನಿರಲಿ, ಚನ್ನರಾಯಪಟ್ಟಣದ ಅಂಗಡಿಯವನಿರಲಿ, ಜೀವನದಲ್ಲಿ ಒಮ್ಮೆ ದುರ್ಯೋಧನನಾಗಿದ್ದರೆ ಅದು ಮೊಮ್ಮಕ್ಕಳವರೆಗೂ ಹೇಳಿಕೊಳ್ಳುವ ಮಾತು.

ಮೈ ಬೆಳೆಸುವ ಕಸುಬಿಗೆ ಇನ್ನೊಂದು ನೆಲೆ ಗರಡಿ. ಮೈಸೂರು ಅರಸರ ಆಶ್ರಯದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ವಿಜಯದಶಮಿಯ ದಿನ ಅರಮನೆ ಅಂಗಳದಲ್ಲಿ ನಡೆಯುತ್ತ ಬಂದಿದೆ. ಅದರ ಜೊತೆಗೆ ದಸರಾ ಕುಸ್ತಿ. ಕೇರಿಗೊಂದು ಗರಡಿ ಎಂಬ ಮಾತು ಹಳೆಯ ಮೈಸೂರಿನ ಮಟ್ಟಿಗೆ ಉತ್ಪ್ರೇಕ್ಷೆ ಏನಲ್ಲ. ತಗ್ಗು ಬಾಗಿಲು, ಒಳಗೆ ಆಂಜನೇಯನ ಚಿತ್ರ, ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಮಟ್ಟಿ. ನಸುಕಿನಲ್ಲೇ ಎದ್ದು ಮೊದಲು ಆ ಮಣ್ಣನ್ನು ಗುದ್ದಲಿಯಿಂದ ಅಗೆದು ಸಡಿಲ ಮಾಡುವುದೇ ಹುಡುಗರ ಮೊದಲ ಸಾಮು. ಆಮೇಲೆ ದಂಡ, ಬಸ್ಕಿ, ಗದೆ, ಕಲ್ಲುಗುಂಡು. ಪಟ್ಟು ಕಲಿಸುವುದು ಎಷ್ಟೋ ತಿಂಗಳ ನಂತರ. ಉಸ್ತಾದರ ಮಾತಿಗೆ ಎದುರಾಡುವಂತಿಲ್ಲ, ಕಲಿತ ಪಟ್ಟನ್ನು ಬೀದಿಜಗಳಕ್ಕೆ ಬಳಸುವಂತಿಲ್ಲ. ಎರಡನೆಯ ನಿಯಮ ಎಷ್ಟು ಪಾಲನೆಯಾಗುತ್ತಿತ್ತು ಎಂಬುದು ಬೇರೆ ಮಾತು.

ಶಂಕರ್ ಹುಟ್ಟಿದಾಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಅವರು ಪ್ರಾಯಕ್ಕೆ ಬರುವ ಹೊತ್ತಿಗೆ ಸಂಸ್ಥಾನ ಭಾರತದಲ್ಲಿ ಸೇರಿಹೋಗಿತ್ತು. ಅರಮನೆಯ ಆಶ್ರಯ ಇಳಿಯಿತು, ದಸರಾ ಮತ್ತು ಜಾತ್ರೆಗಳ ಕುಸ್ತಿ ಉಳಿಯಿತು. ಹಳೇ ಮೈಸೂರಿನ ಜಾತ್ರೆ, ದನಗಳ ಪರಿಷೆಗಳಲ್ಲಿ ಕುಸ್ತಿ ಏರ್ಪಡಿಸುವುದು ವಾಡಿಕೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ರಾಮನಾಥಪುರದ ಸುಬ್ರಹ್ಮಣ್ಯ ಜಾತ್ರೆ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆ ಮೊದಲಿಂದಲೂ ದನದ ವ್ಯಾಪಾರಕ್ಕೆ ಹೆಸರಾದವು. ದನ ನೋಡಿದ ಕಣ್ಣಿಗೆ ಜಟ್ಟಿಯ ಭುಜ, ತೊಡೆಯ ಬೆಲೆ ಕಟ್ಟುವುದೂ ಕಷ್ಟವಲ್ಲ. ಮುಂದೆ ಪರದೆಯ ಮೇಲೆ ಶಂಕರ್ ಅಂಗಿ ಕಳಚಿ ನಿಂತಾಗ ಶಿಳ್ಳೆ ಹಾಕಿದವರು ಈ ಕಣ್ಣಿನ ಪ್ರೇಕ್ಷಕರೇ.

ಕನ್ನಡದ ಮೊದಲ ವಾಕ್ಚಿತ್ರವೂ ರಾಕ್ಷಸರ ಮನೆಯ ಕಥೆಯೇ ಆಗಿತ್ತು. 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ದ ನಾಯಕ ಇಂದ್ರಜಿತು, ಅಂದರೆ ರಾವಣನ ಮಗ. ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾದರೆ ಆರ್. ನಾಗೇಂದ್ರರಾಯರು ರಾವಣ. ಇಬ್ಬರೂ ರಂಗಭೂಮಿಯವರು. ಈ ಜಾಡು ಮುಂದೆಯೂ ನಡೆಯಿತು: ರಾಜ್‌ಕುಮಾರ್ ‘ಭೂಕೈಲಾಸ’ದಲ್ಲಿ (1958) ರಾವಣ, ‘ಮಹಿಷಾಸುರ ಮರ್ದಿನಿ’ಯಲ್ಲಿ (1959) ಮಹಿಷ. ನಾಯಕನಟನೊಬ್ಬ ರಾಕ್ಷಸನಾದರೆ ಅವನ ಮಾರುಕಟ್ಟೆ ಬೀಳುತ್ತದೆಂಬ ಅಂಜಿಕೆ ಕನ್ನಡದಲ್ಲಿ ಇರಲಿಲ್ಲ.

‘ಸತಿ ಸುಲೋಚನಾ’ದ ಕಾಲದ ಹಾಲಿವುಡ್‌ನ ಗಟ್ಟಿಗ ಬೇರೆ ಮಣ್ಣಿನವನು. ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದಾಗ ಕಳ್ಳಮದ್ಯದ ದಂಧೆಯಿಂದ ಎದ್ದ ಪುಂಡರನ್ನು ನೋಡಿ 1931ರಲ್ಲಿ ‘ಲಿಟಲ್ ಸೀಸರ್’, ‘ದಿ ಪಬ್ಲಿಕ್ ಎನಿಮಿ’ ಚಿತ್ರಗಳು ಬಂದವು, ಎಡ್ವರ್ಡ್ ಜಿ. ರಾಬಿನ್ಸನ್ ಮತ್ತು ಜೇಮ್ಸ್ ಕ್ಯಾಗ್ನಿ ಆ ಮೂಲಕ ಮೇಲೆ ಬಂದರು. ಇಬ್ಬರದೂ ಗಿಡ್ಡ ಮೈಕಟ್ಟು. ಅಲ್ಲಿ ಗಟ್ಟಿತನ ಇರುವುದು ಪಿಸ್ತೂಲಿನಲ್ಲಿ, ಬಿರುಸು ಮಾತಿನಲ್ಲಿ, ನಗರದ ಗಲ್ಲಿಯಲ್ಲಿ. ಕ್ಯಾಗ್ನಿಯಂತೂ ನೃತ್ಯ ಮಾಡುತ್ತ ರಂಗದಿಂದ ಬಂದವನು. ಮೈಯನ್ನೇ ನೆಚ್ಚಿ ಬಂದವರು ಅಲ್ಲಿ ಇಲ್ಲವೆಂದಲ್ಲ. 1909ರಲ್ಲಿ ಜಾಕ್ ಜಾನ್ಸನ್ ಎದುರು ಮುಷ್ಟಿಯುದ್ಧಕ್ಕೆ ಇಳಿದಿದ್ದ ವಿಕ್ಟರ್ ಮೆಕ್‌ಲಾಗ್ಲೆನ್ ‘ದಿ ಇನ್‌ಫಾರ್ಮರ್’ (1935) ಚಿತ್ರಕ್ಕೆ ಆಸ್ಕರ್ ಪಡೆದ. ಎಂ.ಪಿ. ಶಂಕರ್‌ಗೆ ಹಾಲಿವುಡ್‌ನಲ್ಲಿ ಸಾಟಿ ಹುಡುಕುವುದಾದರೆ ರಾಬಿನ್ಸನ್, ಕ್ಯಾಗ್ನಿಯವರ ಸಾಲಿನಲ್ಲಿ ಅಲ್ಲ, ಈ ಮೆಕ್‌ಲಾಗ್ಲೆನ್‌ನಲ್ಲಿ. ಇಬ್ಬರದೂ ಅಖಾಡದಿಂದ ಬಂದ ಮೈ. ಆ ಮೈಯೊಳಗೊಂದು ಮನಸ್ಸಿದೆ ಎಂದು ತೋರಿಸಿಕೊಡಲು ಇಬ್ಬರೂ ಪಾತ್ರಕ್ಕಾಗಿ ಕಾಯಬೇಕಾಯಿತು.

ಶಂಕರ್ ಚಿತ್ರರಂಗಕ್ಕೆ ಕಾಲಿಟ್ಟದ್ದು ಹುಣಸೂರು ಕೃಷ್ಣಮೂರ್ತಿಯವರ ‘ರತ್ನಮಂಜರಿ’ಯಲ್ಲಿ, 1962ರಲ್ಲಿ. ಹಿಂದಿಯಲ್ಲಿ ಕುಸ್ತಿಪಟು ದಾರಾ ಸಿಂಗ್ ‘ಕಿಂಗ್ ಕಾಂಗ್’ ಚಿತ್ರದ ನಾಯಕನಾಗಿ ಗೆದ್ದದ್ದೂ ಅದೇ ವರ್ಷ. ಆದರೆ ದಾರಾ ಸಿಂಗ್‌ಗೆ ಸಿಕ್ಕಿದ ದಾರಿ ಶಂಕರ್‌ಗೆ ಸಿಗಲಿಲ್ಲ. ರಾಜ್‌ಕುಮಾರ್, ಕಲ್ಯಾಣ್‌ಕುಮಾರ್, ಉದಯಕುಮಾರ್ ಎಂಬ ಮೂವರು ನಾಯಕರು ಆಗಲೇ ನೆಲೆ ನಿಂತಿದ್ದ ಕಾಲ. ಅವರಲ್ಲಿ ಉದಯಕುಮಾರ್ ಸ್ವತಃ ಆಜಾನುಬಾಹು, ನಾಯಕನೂ ಆಗಬಲ್ಲ, ಪ್ರತಿನಾಯಕನೂ ಆಗಬಲ್ಲ. ಹೊಸ ಪೈಲ್ವಾನನಿಗೆ ಉಳಿದದ್ದು ಸೇನಾಪತಿ, ಕೊಲೆಗಡುಕ, ಕಾವಲಿನ ಭಟ ಇಂಥ ಪಾತ್ರಗಳು. ಕತ್ತಿ ಹಿಡಿದು ಬಾಗಿಲಲ್ಲಿ ನಿಲ್ಲುವ ಕೆಲಸದಲ್ಲಿ ಎಷ್ಟೋ ಪೈಲ್ವಾನರು ಸವೆದು ಹೋಗಿದ್ದಾರೆ.

ಮತ್ತೆ ಹುಣಸೂರು ಕೃಷ್ಣಮೂರ್ತಿಯವರೇ ಆ ಗತಿಯಿಂದ ಶಂಕರ್‌ರನ್ನು ಪಾರು ಮಾಡಿದರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಸಿಕ್ಕಿದ್ದು ವೀರಬಾಹುವಿನ ಪಾತ್ರ: ಸುಡುಗಾಡಿನ ಒಡೆಯ, ರಾಜ ಹರಿಶ್ಚಂದ್ರನನ್ನು ಕೊಂಡು ಹೆಣ ಕಾಯಲು ನಿಲ್ಲಿಸುವವನು. ರಾಘವಾಂಕನ ಕಾವ್ಯದಿಂದಲೇ ಕನ್ನಡಿಗರಿಗೆ ಗುರುತಿರುವ ವ್ಯಕ್ತಿ. ಕರಿಯ ಮೈ, ಕೆದರಿದ ಕೂದಲು, ಕೈಯಲ್ಲಿ ದೊಣ್ಣೆ. ನೋಡಿದರೆ ರಾಕ್ಷಸ ವೇಷದ ತಮ್ಮ. ಆದರೆ ಸುಡುಗಾಡಿನಲ್ಲಿ ಅವನು ಕುಣಿಯುತ್ತ ಹಾಡುವುದು ಕುಲದ ಮೇಲು ಕೀಳನ್ನು ಪ್ರಶ್ನಿಸುವ ಹಾಡು, ಘಂಟಸಾಲರ ಕಂಠದಲ್ಲಿ. ಉರಿಯುವ ಚಿತೆಗಳ ನಡುವೆ ಆ ಭಾರದ ಮೈ ಎಷ್ಟು ಹಗುರಾಗಿ ಹೆಜ್ಜೆ ಹಾಕುತ್ತದೆ ಎಂಬುದನ್ನು ಗಮನಿಸಬೇಕು. ಗರಡಿಯಲ್ಲಿ ಪಾದ ಊರುವುದನ್ನು ಕಲಿತವನಿಗಷ್ಟೇ ಬರುವ ಹಗುರ ಅದು. ಚಿತ್ರದ ನಾಯಕ ರಾಜ್‌ಕುಮಾರ್. ಆದರೂ ಆ ಒಂದು ಹಾಡಿನ ಹೊತ್ತು ಪರದೆ ಶಂಕರ್‌ದೇ.

ಇಂಥ ಚಿತ್ರಗಳು ಹಾಸನದ ಹಳ್ಳಿಗಳನ್ನು ತಲುಪಿದ್ದು ಟೂರಿಂಗ್ ಟಾಕೀಸುಗಳ ಮೂಲಕ. ಪೇಟೆಯ ಚಿತ್ರಮಂದಿರದಲ್ಲಿ ಓಡಿ ಸವೆದ ಪ್ರಿಂಟು ತಿಂಗಳುಗಳ ನಂತರ ಹೋಬಳಿಯ ಟೆಂಟಿಗೆ ಬರುತ್ತಿತ್ತು. ಸಂಜೆ ಟೆಂಟಿನ ಮೇಲಿನ ಧ್ವನಿವರ್ಧಕದಿಂದ ತಿರುಪತಿ ವೆಂಕಟೇಶನ ಸ್ತುತಿ ಕೇಳಿಬಂದರೆ ಟಿಕೆಟ್ ಕೊಡಲು ಶುರು ಮಾಡಿದರೆಂದು ಸುತ್ತಲ ಹಳ್ಳಿಗೆಲ್ಲ ಗೊತ್ತಾಗುತ್ತಿತ್ತು. ಅದೂ ಘಂಟಸಾಲರದೇ ದನಿ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಪ್ರೊಜೆಕ್ಟರ್ ಒಂದೇ ಆದ್ದರಿಂದ ರೀಲು ಮುಗಿದಾಗಲೆಲ್ಲ ದೀಪ ಹತ್ತಿ ಕಡಲೆಕಾಯಿ, ಸೋಡಾ ವ್ಯಾಪಾರ. ನೆಲದಲ್ಲಿ ಕೂತವರು ಮರಳು ಗುಡ್ಡೆ ಮಾಡಿ ಎತ್ತರಿಸಿಕೊಂಡು ಕೂರುತ್ತಿದ್ದರು. ಹೊಡೆದಾಟದ ದೃಶ್ಯಕ್ಕೆ ನೆಲದವರೇ ತೀರ್ಪುಗಾರರು. ನಾಯಕ ಹೊಡೆಯುವುದು ಅವರಿಗೆ ಖುಷಿ, ಆದರೆ ಹೊಡೆಸಿಕೊಳ್ಳುವವನು ಗಟ್ಟಿಯಾಗಿದ್ದರಷ್ಟೇ. ಎದುರಾಳಿ ಸೊಣಕಲನಾದರೆ ನಾಯಕನ ಪೆಟ್ಟಿಗೂ ಬೆಲೆ ಇಲ್ಲವೆಂಬ ಈ ಲೆಕ್ಕ ಕುಸ್ತಿಯ ಜೋಡಿ ಕಟ್ಟುವವರ ಲೆಕ್ಕವೇ.

ಗರಡಿಯ ಋಣವನ್ನು ಶಂಕರ್ ನೇರವಾಗಿ ತೀರಿಸಿದ್ದು ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ, ಗರಡಿ ಉಸ್ತಾದನಾಗಿ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಚಿತ್ರದುರ್ಗದಲ್ಲಿ ನಡೆಯುವ ಆ ಕಥೆಯಲ್ಲಿ ಪುಂಡ ಹುಡುಗ ರಾಮಾಚಾರಿಯನ್ನು ಹಿಡಿತದಲ್ಲಿಡಬಲ್ಲವರಲ್ಲಿ ಮೇಷ್ಟ್ರ ಜೊತೆಗೆ ಉಸ್ತಾದನೂ ಒಬ್ಬ. ಪಾತ್ರ ಸಣ್ಣದು. ರಾಮಾಚಾರಿಯಾದ ಹೊಸಬ ವಿಷ್ಣುವರ್ಧನ್‌ಗೆ ರಾಜ್ಯ ಪ್ರಶಸ್ತಿ ತಂದುಕೊಟ್ಟ ಚಿತ್ರವದು.

ನಿರ್ಮಾಪಕರಾಗಿ ಶಂಕರ್ ಹಿಡಿದದ್ದು ಕಾಡಿನ ದಾರಿ. ‘ಕಾಡಿನ ರಹಸ್ಯ’ (1969) ಚಿತ್ರದ ಹೊತ್ತಿಗೇ ಅವರಿಗೆ ಕಾಡು, ಪ್ರಾಣಿ, ಬೇಟೆಗಳ ಕಥೆಯ ಗೀಳು ಹತ್ತಿತ್ತು. ಅದು ಹಣ್ಣಾದದ್ದು 1973ರ ‘ಗಂಧದ ಗುಡಿ’ಯಲ್ಲಿ. ವಿಜಯ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ, ಅರಣ್ಯಾಧಿಕಾರಿಯಾಗಿ ರಾಜ್‌ಕುಮಾರ್, ಎದುರು ವಿಷ್ಣುವರ್ಧನ್. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಹುಲಿ ಯೋಜನೆ ಆರಂಭವಾಗಿ ಬಂಡೀಪುರ ಅದರ ಮೊದಲ ಒಂಬತ್ತು ತಾಣಗಳಲ್ಲಿ ಸೇರಿದ್ದು 1973ರಲ್ಲಿ. ಆ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಕಾಡನ್ನು ಕಾಯುವುದೂ ನಾಡನ್ನು ಮೆಚ್ಚುವುದೂ ಒಂದೇ ಎಂಬಂತೆ ಕಟ್ಟಿದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮರಗಳ್ಳರ ಮೇಲೆ ಸರ್ಕಾರಿ ಸಮವಸ್ತ್ರದ ನಾಯಕನನ್ನು ಬಿಟ್ಟ ಈ ಕಥೆ ಹಿಂದಿಗೂ ಹೋಗಿ ಧರ್ಮೇಂದ್ರ ಅಭಿನಯದ ‘ಕರ್ತವ್ಯ’ (1979) ಆಯಿತು. ಪರದೆಯ ಮೇಲೆ ಕೇಡಿಗನಾಗಿ ಹೆಸರಾದ ಮನುಷ್ಯ ನಿರ್ಮಾಪಕನಾಗಿ ಕಾಡಿನ ಪರ ನಿಂತದ್ದು ಕನ್ನಡ ಚಿತ್ರರಂಗದ ಒಳ್ಳೆಯ ವೈಚಿತ್ರ್ಯಗಳಲ್ಲಿ ಒಂದು.

ಮರುವರ್ಷ ಬಂದದ್ದು ‘ಭೂತಯ್ಯನ ಮಗ ಅಯ್ಯು’.

ಮೂಲಕಥೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು (1904–1991) ಹಾಸನ ತಾಲ್ಲೂಕಿನ ಗೊರೂರಿನವರು. ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟಗಾರ. ‘ಹಳ್ಳಿಯ ಚಿತ್ರಗಳು’ ಬರೆದು ತಮ್ಮೂರಿನ ಮನುಷ್ಯರನ್ನು ಕನ್ನಡದ ಮನೆಮಾತಾಗಿಸಿದವರು. ಅವರ ಹಾಸ್ಯ ಎಲ್ಲರಿಗೂ ಗೊತ್ತು. ಹಾಸ್ಯದ ಅಡಿಗೆ ಹಳ್ಳಿಯ ಸಾಲ, ವ್ಯಾಜ್ಯ, ಹಗೆಗಳ ನಿಚ್ಚಳ ತಿಳಿವಳಿಕೆ ಇತ್ತೆಂಬುದಕ್ಕೆ ಭೂತಯ್ಯನ ಕಥೆ ಸಾಕ್ಷಿ.

ಈ ಸೀಮೆಯಲ್ಲಿ ಸಾಲ ನಡೆಯುತ್ತಿದ್ದ ಬಗೆ ತಿಳಿಯದೆ ಭೂತಯ್ಯ ಅರ್ಥವಾಗುವುದಿಲ್ಲ. ಮುಂಗಾರಿಗೆ ಮುಂಚೆ ಬಿತ್ತನೆಗೆ, ಮದುವೆಗೆ, ಸತ್ತ ಎತ್ತಿನ ಬದಲಿಗೆ ರೈತ ಸಾಹುಕಾರನ ಜಗಲಿಗೆ ಬರುತ್ತಾನೆ. ಪ್ರೋನೋಟಿನ ಮೇಲೆ ರೆವಿನ್ಯೂ ಸ್ಟಾಂಪು, ಅದರ ಮೇಲೆ ಹೆಬ್ಬೆಟ್ಟು. ಪ್ರೋನೋಟಿಗೆ ಕಾಯ್ದೆಯ ವಾಯಿದೆ ಮೂರು ವರ್ಷ. ಅಷ್ಟರಲ್ಲಿ ದಾವೆ ಹಾಕದಿದ್ದರೆ ಸಾಲ ಮುಳುಗುತ್ತದೆ. ಹಾಗಾಗಿ ಮೂರು ವರ್ಷ ತುಂಬುವ ಮುನ್ನ ಸಾಹುಕಾರ ಹೊಸ ಪತ್ರ ಬರೆಸುತ್ತಾನೆ, ಕೂಡಿದ ಬಡ್ಡಿಯೆಲ್ಲ ಅಸಲಿಗೆ ಸೇರಿ ಹೊಸ ಅಸಲಾಗುತ್ತದೆ. ಎರಡು ಮೂರು ಬಾರಿ ಹೀಗಾದ ಮೇಲೆ ತೆಗೆದುಕೊಂಡ ಹಣಕ್ಕೂ ಕೊಡಬೇಕಾದ ಹಣಕ್ಕೂ ಸಂಬಂಧವೇ ಇರುವುದಿಲ್ಲ. ಆಗ ಭೋಗ್ಯ: ಜಮೀನು ಸಾಹುಕಾರನ ಸ್ವಾಧೀನ, ಬೆಳೆ ಬಡ್ಡಿಗೆ ಜಮಾ. ಅಲ್ಲಿಂದ ಕ್ರಯಕ್ಕೆ ಒಂದೇ ಮೆಟ್ಟಿಲು. ಒಪ್ಪದವನಿಗೆ ಮುನ್ಸೀಫ್ ಕೋರ್ಟು, ಅಮೀನ, ಜಪ್ತಿ. ಇದರಲ್ಲಿ ಎಲ್ಲೂ ಕೈಯೆತ್ತಿ ಹೊಡೆಯುವ ಕೆಲಸವಿಲ್ಲ. ಎಲ್ಲ ಕಾಗದದ ಮೇಲೆ, ಕಾನೂನಿನ ಪ್ರಕಾರ.

ಅಂಥ ಪಾತ್ರಕ್ಕೆ ನಿರ್ದೇಶಕ ಸಿದ್ದಲಿಂಗಯ್ಯ ಜಟ್ಟಿಯೊಬ್ಬನನ್ನು ಹಾಕಿದ್ದು ಮೇಲುನೋಟಕ್ಕೆ ತಪ್ಪು ಲೆಕ್ಕದಂತೆ ಕಾಣುತ್ತದೆ. ನಿಜವಾದ ಸಾಹುಕಾರ ಕನ್ನಡಕದ, ಸಣ್ಣ ದನಿಯ ಮನುಷ್ಯನಾಗಿರುವುದೇ ಹೆಚ್ಚು. ಸಿದ್ದಲಿಂಗಯ್ಯನವರು ಕಂಡದ್ದು ಸಾಲಗಾರನ ಕಣ್ಣಿಗೆ ಕಾಣುವ ಸಾಹುಕಾರನನ್ನು. ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವನಿಗೆ ಆ ಮನುಷ್ಯ ಬಾಗಿಲು ತುಂಬುವಷ್ಟು ದೊಡ್ಡವನೇ. ಹಿಂದಿನ ಚಿತ್ರಗಳಲ್ಲಿ ಹೊಡೆದಾಡಿ ತೋರಿಸಿದ್ದ ಬಲವನ್ನು ಶಂಕರ್ ಇಲ್ಲಿ ಅದುಮಿ ಹಿಡಿದಿದ್ದಾರೆ, ಆ ಮೈಯನ್ನು ಕದಲಿಸದೆ ಕೂರಿಸಿದ್ದಾರೆ. ರಾಕ್ಷಸ ವೇಷಕ್ಕೆ ಕಿರೀಟ ತೆಗೆದು ಅಂಗವಸ್ತ್ರ ಹೊದಿಸಿದರೆ ಹೇಗೋ ಹಾಗೆ. ಅವರ ಇಡೀ ವೃತ್ತಿಜೀವನದಲ್ಲಿ ಬಲವನ್ನು ಬಳಸದೆಯೇ ಹೆದರಿಸಿದ ಪಾತ್ರ ಇದೊಂದೇ ಎಂದರೂ ನಡೆದೀತು.

ಭೂತಯ್ಯ ಚಿತ್ರದ ಮೊದಲ ಭಾಗದಲ್ಲೇ ಸಾಯುತ್ತಾನೆ. ಹೆಣಕ್ಕೆ ಹೆಗಲು ಕೊಡಲು ಊರಿನಲ್ಲಿ ಒಬ್ಬನೂ ಬರುವುದಿಲ್ಲ. ಹಳ್ಳಿಯಲ್ಲಿ ಹಗೆಯವನ ಮನೆಯಲ್ಲಿ ಸಾವಾದರೂ ಬಾಗಿಲಿಗೆ ಹೋಗಿ ನಿಲ್ಲುವುದು ರೂಢಿ. ಅದನ್ನೂ ಮುರಿದರೆಂದರೆ ಅದು ಊರು ಕೊಟ್ಟ ತೀರ್ಪು. ಮಗ ಅಯ್ಯು ಒಬ್ಬನೇ ತಂದೆಯ ಹೆಣ ಸಾಗಿಸಬೇಕಾಗುತ್ತದೆ. ಅಲ್ಲಿಂದ ಕಥೆ ಅಯ್ಯು ಮತ್ತು ಅದೇ ಊರಿನ ಗುಳ್ಳನ ಹಗೆಯದು. ಅದು ಕೋರ್ಟಿನ ಮೆಟ್ಟಿಲು ಹತ್ತುತ್ತದೆ, ಆಸ್ತಿ ನುಂಗುತ್ತದೆ, ಕೊನೆಗೆ ಹೊಳೆಯ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್. ಈ ಪಾತ್ರಕ್ಕೆ ಲೋಕೇಶ್ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ‘ಸತಿ ಸುಲೋಚನಾ’ದಲ್ಲಿ ರಾವಣನ ಮಗನಾಗಿದ್ದ ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್, ನಾಲ್ವತ್ತು ವರ್ಷದ ನಂತರ ಭೂತಯ್ಯನ ಮಗನಾದದ್ದು ಕಾಕತಾಳೀಯವೇ ಸರಿ. ಆದರೆ ಕ್ರೂರಿ ತಂದೆಯ ಹೊರೆ ಹೊತ್ತ ಮಗನ ಕಥೆ ಕನ್ನಡಕ್ಕೆ ಮೊದಲಿಂದ ಒಗ್ಗಿದ್ದೆಂಬುದು ಕಾಕತಾಳೀಯವಲ್ಲ. ಇದೇ ಚಿತ್ರದಲ್ಲಿ ಉಪ್ಪಿನಕಾಯಿ ಜಾಡಿಗೆ ಕೈಹಾಕಿದ ನಟ ಲೋಕನಾಥ್‌ರಿಗೆ ಆ ಒಂದು ದೃಶ್ಯ ಬದುಕಿಡೀ ಬಿರುದಾಗಿ ಅಂಟಿಕೊಂಡಿತು.

ಚಿತ್ರೀಕರಣ ನಡೆದದ್ದು ಗೊರೂರಿನಲ್ಲಲ್ಲ, ಚಿಕ್ಕಮಗಳೂರು ಹತ್ತಿರದ ಕಳಸಾಪುರದಲ್ಲಿ. ಡಿ.ವಿ. ರಾಜಾರಾಂ ಅವರ ಕ್ಯಾಮೆರಾ ಹಿಡಿದ ಪ್ರವಾಹದ ದೃಶ್ಯಗಳು ಅಂದಿನ ಕನ್ನಡ ಸಿನಿಮಾಕ್ಕೆ ದೊಡ್ಡ ಸಾಹಸ. ಹೇಮಾವತಿಯ ಪ್ರವಾಹ ಹಾಸನ, ಹೊಳೆನರಸೀಪುರದವರಿಗೆ ಹೊಸದೇನಲ್ಲ. ಆದರೆ ಗೊರೂ­ರಿನ ಬಳಿ ಕಟ್ಟುತ್ತಿದ್ದ ಅಣೆಕಟ್ಟು 1979ರಲ್ಲಿ ಮುಗಿದು ಸುಮಾರು 37 ಟಿಎಂಸಿ ನೀರು ನಿಂತಾಗ ಹೊಳೆಯ ಸ್ವಭಾವವೇ ಬದಲಾಯಿತು. ಹಳ್ಳಿಗಳು ಮುಳುಗಿದವು, ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಲ್ಲುವಂತಾಯಿತು, ಕೆಳಗಿನ ತಾಲ್ಲೂಕುಗಳಿಗೆ ನಾಲೆ ಬಂತು.

ಭೂತಯ್ಯನಂಥವರ ಕಾಲಡಿಯ ನೆಲವೂ ಅದೇ ಹೊತ್ತಿಗೆ ಸರಿಯುತ್ತಿತ್ತು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು; 1976ರಲ್ಲಿ ಋಣ ಪರಿಹಾರ ಕಾಯ್ದೆ ಬಂತು. ಚಿತ್ರ ತೆರೆಕಂಡದ್ದೂ 1974ರಲ್ಲೇ. ಹಳ್ಳಿಯ ಪ್ರೇಕ್ಷಕ ಒಂದು ಕಡೆ ಭೂ ನ್ಯಾಯಮಂಡಳಿಗೆ ಅರ್ಜಿ ಬರೆಸುತ್ತ, ಇನ್ನೊಂದು ಕಡೆ ಟೆಂಟಿನಲ್ಲಿ ಕೂತು ಸಾಹುಕಾರನ ಹೆಣ ಅನಾಥವಾಗಿ ಹೋಗುವುದನ್ನು ನೋಡಿದ. ಚಿತ್ರದ ಯಶಸ್ಸಿಗೆ ಹಾಡು, ನಟನೆ ಎಷ್ಟು ಕಾರಣವೋ ಈ ಹೊಂದಿಕೆಯೂ ಅಷ್ಟೇ ಕಾರಣ.

ಭೂತಯ್ಯನ ನಂತರ ಶಂಕರ್‌ಗೆ ಆ ಎತ್ತರದ ಪಾತ್ರ ಸಿಗಲಿಲ್ಲ. ಅಷ್ಟರಲ್ಲಿ ಖಳನ ಪೀಠಕ್ಕೆ ವಜ್ರಮುನಿ ಬಂದಾಗಿತ್ತು. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ‘ಪ್ರಚಂಡ ರಾವಣ’ ನಾಟಕದ ರಾವಣನಾಗಿ ಹೆಸರು ಮಾಡಿ, ‘ಮಲ್ಲಮ್ಮನ ಪವಾಡ’ದಿಂದ (1969) ತೆರೆಗೆ ಬಂದ ವಜ್ರಮುನಿಯವರ ಆಯುಧ ಮೈಯಲ್ಲ, ಕಣ್ಣು ಮತ್ತು ಗಂಟಲು. ‘ಸಂಪತ್ತಿಗೆ ಸವಾಲ್’ (1974) ಚಿತ್ರದ ಸಾಹುಕಾರನಾಗಿ ಅವರು ಭೂತಯ್ಯನ ಜಗಲಿಯನ್ನೇ ತಮ್ಮದಾಗಿಸಿಕೊಂಡರು. 1966ರ ‘ತೂಗುದೀಪ’ ಚಿತ್ರದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ತೂಗುದೀಪ ಶ್ರೀನಿವಾಸ್, ಸುಧೀರ್, ಸಾಹಸ ದೃಶ್ಯಗಳಿಂದ ಮೇಲೆ ಬಂದ ಪ್ರಭಾಕರ್ ಒಬ್ಬರ ಹಿಂದೊಬ್ಬರು ಬಂದರು. ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಮಾತ್ರ ಬೇರೆ ತೆರನಾದದ್ದು. ಹೊಯ್ಸಳರ ಕಾಲದ ಬಾಡಿಗೆ ಯೋಧರ ಈ ಕಥೆಯಲ್ಲಿ ಸುಂದರ ಕೃಷ್ಣ ಅರಸು ಮತ್ತು ಶಂಕರ್‌ನಾಗ್ ತೋರಿದ ಗಟ್ಟಿತನಕ್ಕೆ ಒಳಿತು ಕೆಡುಕಿನ ಹಣೆಪಟ್ಟಿ ಇಲ್ಲ. ಶಂಕರ್‌ನಾಗ್‌ಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ನಟ ಪ್ರಶಸ್ತಿ ಬಂತು. ಬೇಲೂರು, ಹಳೇಬೀಡುಗಳ ಕಲ್ಲಿನಲ್ಲಿ ಮಾತ್ರ ಉಳಿದಿದ್ದ ಯೋಧರಿಗೆ ಬೆವರು, ಧೂಳು ಹತ್ತಿಸಿದ ಚಿತ್ರವದು.

ಎಂ.ಪಿ. ಶಂಕರ್ ತಮ್ಮ ಕಾಡಿನ ದಾರಿ ಬಿಡಲಿಲ್ಲ. ಅಂಬರೀಶ್ ನಾಯಕರಾದ ‘ಮೃಗಾಲಯ’ (1986) ಪ್ರಾಣಿಗಳ ಮೇಲಿನ ಅವರ ಅಕ್ಕರೆಯ ಫಲ. 1994ರಲ್ಲಿ ಶಿವರಾಜ್‌ಕುಮಾರ್ ಜೊತೆ ‘ಗಂಧದ ಗುಡಿ’ಯ ಎರಡನೆಯ ಭಾಗ ತಂದರು. ಮೊದಲನೆಯದರ ಗೆಲುವು ಮರಳಲಿಲ್ಲ. ಆ ಹೊತ್ತಿಗೆ ಪ್ರೇಕ್ಷಕರ ರುಚಿಯೂ ಹೊಡೆದಾಟದ ಬಗೆಯೂ ಬದಲಾಗಿದ್ದವು. ಹಗ್ಗ ಕಟ್ಟಿ ಹಾರಿಸುವ ಸಾಹಸ ನಿರ್ದೇಶಕರು ಬಂದ ಮೇಲೆ ಗರಡಿಯಲ್ಲಿ ಪಳಗಿದ ಮೈಯೇ ಬೇಕೆಂಬ ಅಗತ್ಯ ಉಳಿಯಲಿಲ್ಲ. ಖಳನಟರನ್ನು ಬೇರೆ ಭಾಷೆಗಳಿಂದ ಕರೆತರುವ ಪರಿಪಾಠವೂ ಬೆಳೆಯಿತು. ಗಟ್ಟಿ ಆಳಿನ ಪಾತ್ರ ಖಳನ ಕೈಬಿಟ್ಟು ನಾಯಕನ ಕೈ ಸೇರಿತು; ಸೂರಿ ನಿರ್ದೇಶನದ ‘ದುನಿಯಾ’ (2007) ಮೂಲಕ ಸಾಹಸ ಕಲಾವಿದ ವಿಜಯ್ ನೇರವಾಗಿ ನಾಯಕನಾದದ್ದು ಈ ಬದಲಾವಣೆಯ ಗುರುತು. 1960ರ ದಶಕದಲ್ಲಿ ಅದೇ ಮೈಕಟ್ಟಿನ ಹುಡುಗ ಬಂದಿದ್ದರೆ ಅವನಿಗೆ ಸಿಗುತ್ತಿದ್ದುದು ಬಾಗಿಲು ಕಾಯುವ ಭಟನ ಪಾತ್ರ.

2008ರ ಏಪ್ರಿಲ್‌ನಲ್ಲಿ ‘ಸತ್ಯ ಹರಿಶ್ಚಂದ್ರ’ ಬಣ್ಣ ಬಳಿಸಿಕೊಂಡು ಮತ್ತೆ ಚಿತ್ರಮಂದಿರಗಳಿಗೆ ಬಂತು. ವೀರಬಾಹುವಿನ ಸುಡುಗಾಡಿನ ಕುಣಿತವನ್ನು ಹೊಸ ತಲೆಮಾರು ದೊಡ್ಡ ಪರದೆಯ ಮೇಲೆ ನೋಡಿತು. ಮೂರು ತಿಂಗಳ ನಂತರ, ಜುಲೈನಲ್ಲಿ, ಎಂ.ಪಿ. ಶಂಕರ್ ಮೈಸೂರಿನಲ್ಲಿ ತೀರಿಕೊಂಡರು. ಅವರಿಗೆ ಆಗ 72 ವರ್ಷ.